ಮಿಲಿಟರಿ ಮಾದರಿಯ ಹಗುರ ಹೊದಿಕೆಯೊಳಗೂ ಚಳಿಯಾದರೆ: ದೋಷ ಪತ್ತೆ ಮತ್ತು ನಿವಾರಣೆ

ಪೊಂಚೋ ಲೈನರ್ ಎಂಬ ಹಗುರ ಹೊದಿಕೆಯನ್ನಾಗಲಿ, ಅದೇ ಮಾದರಿಯಲ್ಲಿ ಹೊಲಿದು ಮಾರುವ ಹೊದಿಕೆಯನ್ನಾಗಲಿ ಹೊದ್ದು ಬಯಲಿನಲ್ಲಿ ರಾತ್ರಿ ಕಳೆಯುವವರ ದೂರು ಬಹುತೇಕ ಒಂದೇ: ಹೊದ್ದುಕೊಂಡರೂ ಚಳಿ ಬಿಡಲಿಲ್ಲ. ದೂರು ಒಂದಾದರೂ ಕಾರಣಗಳು ಹಲವು. ಕಾರಣ ತಿಳಿಯದೆ ಇನ್ನೊಂದು ಹೊದಿಕೆ ಕೊಂಡರೆ ಬೆನ್ನಿನ ಚೀಲದ ಭಾರ ಹೆಚ್ಚುತ್ತದೆ, ಚಳಿ ಮಾತ್ರ ಅನೇಕ ಸಲ ಇದ್ದಲ್ಲೇ ಇರುತ್ತದೆ. ಆದ್ದರಿಂದ ಮೈಯ ಶಾಖ ಯಾವ ದಾರಿಯಿಂದ ಹೊರಗೆ ಹೋಗುತ್ತಿದೆ ಎಂಬುದನ್ನು ಮೊದಲು ಗುರುತಿಸಿ, ಆಮೇಲೆ ಆ ದಾರಿಯನ್ನಷ್ಟೇ ಮುಚ್ಚುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಈ ಹೊದಿಕೆ ಬಳಕೆಗೆ ಬಂದದ್ದು 1960ರ ದಶಕದಲ್ಲಿ, ವಿಯೆಟ್ನಾಂ ಯುದ್ಧದ ಕಾಲದಲ್ಲಿ. ಮಳೆಕಾಡಿನಲ್ಲಿ ಒಮ್ಮೆ ನೆನೆದರೆ ಭಾರವಾಗಿ, ದಿನಗಟ್ಟಲೆ ಒಣಗದೆ ಉಳಿಯುತ್ತಿದ್ದ ಉಣ್ಣೆಯ ಕಂಬಳಿಗೆ ಬದಲಾಗಿ ಅಮೆರಿಕದ ಸೇನೆ ಇದನ್ನು ತನ್ನ ಸೈನಿಕರಿಗೆ ಕೊಟ್ಟಿತು. ಎರಡು ತೆಳು ನೈಲಾನ್ ಬಟ್ಟೆಗಳ ನಡುವೆ ಪಾಲಿಯೆಸ್ಟರ್ ನಾರಿನ ಪದರವನ್ನಿಟ್ಟು, ನಾರು ಸರಿದು ಗಂಟುಕಟ್ಟದಂತೆ ಉದ್ದಕ್ಕೂ ಹೊಲಿಗೆ ಹಾಕಿರುತ್ತಾರೆ. ಮೂಲೆಗಳಲ್ಲಿಯೂ ಅಂಚುಗಳಲ್ಲಿಯೂ ಇರುವ ಲಾಡಿಗಳನ್ನು ಮಳೆಯಂಗಿಯಾದ ಪೊಂಚೋದ ಅಂಚಿನ ತೂತುಗಳಿಗೆ ಕಟ್ಟಿದರೆ ಎರಡೂ ಸೇರಿ ಒಂದು ಹಾಸಿಗೆಚೀಲದಂತಾಗುತ್ತದೆ. ಉದ್ದ ಸುಮಾರು 2.1 ಮೀಟರ್, ಅಗಲ ಸುಮಾರು 1.6 ಮೀಟರ್, ತೂಕ ಮುಕ್ಕಾಲು ಕಿಲೋಗಿಂತ ಕಡಿಮೆ. ಗಾಳಿಯಿಲ್ಲದ ಜಾಗದಲ್ಲಿ, ಕೆಳಗೆ ಒಳ್ಳೆಯ ಹಾಸಿದ್ದು, ಮೈಮೇಲೆ ಒಣಬಟ್ಟೆ ಇದ್ದರೆ 10 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನವರೆಗೆ ಇದು ಸಾಕಾಗುತ್ತದೆ ಎಂಬುದು ಬಳಸುವವರ ಸಾಮಾನ್ಯ ಅಂದಾಜು. ಈ ಷರತ್ತುಗಳಲ್ಲಿ ಒಂದು ತಪ್ಪಿದರೂ 18 ಡಿಗ್ರಿಯಲ್ಲಿಯೇ ನಡುಕ ಹುಟ್ಟಬಹುದು.

ಹೊದಿಕೆ ತಾನಾಗಿ ಶಾಖವನ್ನು ಉತ್ಪಾದಿಸುವುದಿಲ್ಲ. ನಿದ್ರೆಯಲ್ಲಿರುವ ವಯಸ್ಕರ ದೇಹ ಸುಮಾರು 75 ವ್ಯಾಟ್‌ನಷ್ಟು ಶಾಖವನ್ನು ಬಿಡುತ್ತಿರುತ್ತದೆ. ಆ ಶಾಖ ಹೊರಗೆ ಹೋಗುವ ವೇಗವನ್ನು ತಗ್ಗಿಸುವುದಷ್ಟೇ ಹೊದಿಕೆಯ ಕೆಲಸ. ಅದನ್ನು ಮಾಡುವುದು ನೈಲಾನಿಗಿಂತ ಹೆಚ್ಚಾಗಿ ನಾರಿನ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಆ ಗಾಳಿ ಹಿಂಡಿಹೋದರೆ, ಬೀಸಿ ಚದುರಿದರೆ, ಅಥವಾ ಅದರ ಜಾಗಕ್ಕೆ ನೀರು ಬಂದರೆ ಹೊದಿಕೆ ಕೆಲಸ ನಿಲ್ಲಿಸುತ್ತದೆ. ಮುಂದೆ ಹೇಳಲಿರುವ ದೋಷಗಳಲ್ಲಿ ಹೆಚ್ಚಿನವು ಈ ಮೂರರಿಂದಲೇ ಹುಟ್ಟುತ್ತವೆ.

ಎಲ್ಲಕ್ಕಿಂತ ಮೊದಲು ಮನುಷ್ಯರನ್ನು ನೋಡಬೇಕು

ಹೊದಿಕೆಯ ಪರೀಕ್ಷೆಗೆ ಮುನ್ನ ಮಲಗಿದವರ ಸ್ಥಿತಿಯನ್ನು ಗಮನಿಸುವುದು ಕಡ್ಡಾಯ. ಬರಿಯ ಚಳಿ, ಮೈ ಜುಮ್ಮೆನ್ನುವುದು, ಸ್ವಲ್ಪ ನಡುಕ, ಇಷ್ಟೇ ಇದ್ದರೆ ದೋಷ ಹುಡುಕಲು ಸಮಯವಿದೆ. ಆದರೆ ನಡುಕವನ್ನು ತಡೆಯಲಾಗುತ್ತಿಲ್ಲ, ಮಾತು ತೊದಲುತ್ತಿದೆ, ಬೆರಳುಗಳು ಲಾಡಿ ಬಿಚ್ಚಲಾರವು, ನಡೆದರೆ ಹೆಜ್ಜೆ ತಪ್ಪುತ್ತದೆ, ಕೇಳಿದ್ದಕ್ಕೆ ಹೊಂದದ ಉತ್ತರ ಬರುತ್ತದೆ ಎಂದಾದರೆ ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗೆ ಇಳಿದಿದೆ ಅಥವಾ ಇಳಿಯುತ್ತಿದೆ ಎಂದು ತಿಳಿಯಬೇಕು. ಜೋರಾಗಿ ನಡುಗುತ್ತಿದ್ದವರ ನಡುಕ ಮೈ ಬೆಚ್ಚಗಾಗದೆಯೇ ನಿಂತುಹೋದರೆ ಅದು ಸುಧಾರಣೆಯಲ್ಲ. ಅದು ಅತ್ಯಂತ ಅಪಾಯದ ಸೂಚನೆ.

ಆಗ ಒದ್ದೆ ಬಟ್ಟೆಯನ್ನು ತೆಗೆದು ಒಣಬಟ್ಟೆ ಹಾಕಬೇಕು, ನೆಲದಿಂದ ಬೇರ್ಪಡಿಸಬೇಕು, ತಲೆಯೂ ಸೇರಿದಂತೆ ಪೂರ್ತಿ ಮೈಯನ್ನು ಸುತ್ತಬೇಕು, ಎದೆ ಮತ್ತು ಕಂಕುಳಿನ ಭಾಗಕ್ಕೆ ಬಟ್ಟೆಯಲ್ಲಿ ಸುತ್ತಿದ ಬಿಸಿನೀರಿನ ಬಾಟಲಿಯಿಂದ ಶಾಖ ಕೊಡಬೇಕು. ಪೂರ್ಣ ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ಮಾತ್ರ ಸಿಹಿಯಾದ ಬೆಚ್ಚನೆಯ ಪಾನೀಯ ಕೊಡಬಹುದು. ಕೈಕಾಲುಗಳನ್ನು ಉಜ್ಜಬಾರದು, ಎಬ್ಬಿಸಿ ಓಡಾಡಿಸಬಾರದು. ತಡಮಾಡದೆ ವೈದ್ಯಕೀಯ ನೆರವು ಪಡೆಯಬೇಕು. ಕರ್ನಾಟಕದಲ್ಲಿ 108ಕ್ಕೆ ಕರೆ ಮಾಡಬಹುದು. ಮಕ್ಕಳು, ವೃದ್ಧರು ಮತ್ತು ದಿನವಿಡೀ ಸರಿಯಾಗಿ ಊಟ ಮಾಡದೆ ದಣಿದವರು ಈ ಸ್ಥಿತಿಗೆ ಬೇಗ ತಲುಪುತ್ತಾರೆ.

ಚಳಿ ಎಲ್ಲಿ, ಯಾವಾಗ, ಒಣಗಿರುವಾಗಲೋ ಒದ್ದೆಯಾದ ಮೇಲೋ

ಅಪಾಯವಿಲ್ಲವೆಂದು ಖಚಿತವಾದ ಬಳಿಕ ಮಲಗಿದವರಿಗೆ ಮೊದಲು ಕೇಳಬೇಕಾದದ್ದು, ಮೈಯ ಯಾವ ಭಾಗಕ್ಕೆ ಚಳಿ ಎಂದು. ನೆಲಕ್ಕೆ ತಾಗಿದ ಮಗ್ಗುಲಿಗೆ ಎಂದರೆ ಶಂಕೆ ಹಾಸಿನ ಮೇಲೆ. ಗಾಳಿ ಬರುವ ಕಡೆಯ ಭುಜಕ್ಕೆ, ಕುತ್ತಿಗೆಗೆ ಎಂದರೆ ಗಾಳಿಯ ಮೇಲೆ. ಮೈಯೆಲ್ಲ ತಣ್ಣಗೆ ಅಂಟಂಟಾಗಿದೆ ಎಂದರೆ ತೇವದ ಮೇಲೆ. ಎರಡನೆಯದು ಸಮಯ. ಮಲಗಿದ ಅರ್ಧ ಗಂಟೆಯೊಳಗೆ ಚಳಿಯಾದರೆ ನೆಲ, ಗಾಳಿ ಅಥವಾ ಬೆವರಿದ ಅಂಗಿ ಕಾರಣವಾಗಿರುವ ಸಂಭವ ಹೆಚ್ಚು. ಮಧ್ಯರಾತ್ರಿಯ ನಂತರ ನಿಧಾನವಾಗಿ ಬಂದರೆ ಇಬ್ಬನಿ ಅಥವಾ ಹೊದಿಕೆಯೊಳಗೆ ಕೂಡಿದ ಆವಿ. ಬೆಳಗಿನ ಜಾವಕ್ಕಷ್ಟೇ ಬಂದರೆ ಹೊದಿಕೆಯ ಮಿತಿ ಮೀರಿದ ಉಷ್ಣತೆ, ಅಥವಾ ಹೊಟ್ಟೆಯಲ್ಲಿ ಆಹಾರ ಮುಗಿದಿರುವುದು. ಮೂರನೆಯದಾಗಿ ಹೊದಿಕೆಯ ಒಳಮೈಯನ್ನೂ ಹೊರಮೈಯನ್ನೂ ಬೇರೆಬೇರೆಯಾಗಿ ಅಂಗೈಯಿಂದ ಮುಟ್ಟಿ ನೋಡಬೇಕು. ಜೊತೆಗೊಂದು ಸಣ್ಣ ಥರ್ಮಾಮೀಟರ್ ಇದ್ದರೆ ಊಹೆಯ ಕೆಲಸ ಅರ್ಧದಷ್ಟು ಕಡಿಮೆಯಾಗುತ್ತದೆ. ಮೊಬೈಲು ತೋರಿಸುವ ಅಂಕಿ ಹತ್ತಿರದ ಊರಿನದ್ದಾಗಿರುತ್ತದೆಯೇ ಹೊರತು ನೀವು ಮಲಗಿದ ತಗ್ಗಿನದ್ದಾಗಿರುವುದಿಲ್ಲ.

ಒಂದು ನಿಯಮವನ್ನು ಬಿಡದೆ ಪಾಲಿಸಬೇಕು: ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ನಂತರ ಹದಿನೈದು ನಿಮಿಷ ಕಾಯುವುದು. ಸ್ವೆಟರ್, ಹಾಸು, ಟೋಪಿ ಎಲ್ಲವನ್ನೂ ಒಟ್ಟಿಗೆ ಸೇರಿಸಿದರೆ ಆ ರಾತ್ರಿ ಬೆಚ್ಚಗಾಗಬಹುದು, ಆದರೆ ಯಾವುದರಿಂದ ಬೆಚ್ಚಗಾಯಿತು ಎಂಬುದು ತಿಳಿಯದೆ ಮುಂದಿನ ಸಲವೂ ಎಲ್ಲವನ್ನೂ ಹೊರಬೇಕಾಗುತ್ತದೆ. ನಡುಕ ಜೋರಾಗಿದ್ದರೆ ಈ ನಿಯಮವನ್ನು ಬದಿಗಿಟ್ಟು ಇರುವುದನ್ನೆಲ್ಲ ಬಳಸಬೇಕು.

ಬೆನ್ನಿಗೂ ಮಗ್ಗುಲಿಗೂ ಚಳಿ: ನೆಲದ ಥಂಡಿ

ನಾನು ಕಂಡಂತೆ ಹೊದಿಕೆಯ ಮೇಲೆ ಹೊರಿಸುವ ಆರೋಪಗಳಲ್ಲಿ ದೊಡ್ಡ ಪಾಲು ನಿಜವಾಗಿ ನೆಲಕ್ಕೆ ಸೇರಿದ್ದು. ಪೊಂಚೋ ಲೈನರನ್ನು ಅರ್ಧ ಕೆಳಗೆ ಹಾಸಿ ಅರ್ಧ ಮೇಲೆ ಹೊದ್ದುಕೊಳ್ಳುವವರು ಬಹಳ ಮಂದಿ ಇದ್ದಾರೆ. ಕೆಳಗಿನ ಅರ್ಧದ ನಾರು ಮೈಭಾರಕ್ಕೆ ಹಿಂಡಿ ಕಾಗದದಷ್ಟು ತೆಳುವಾಗುತ್ತದೆ, ಅದರೊಳಗಿನ ಗಾಳಿ ಹೊರಗೆ ಹೋಗುತ್ತದೆ, ಉಳಿದದ್ದು ಎರಡು ಪದರ ನೈಲಾನ್ ಮಾತ್ರ. ಬಂಡೆಯ ಮೇಲೆ, ಸಿಮೆಂಟಿನ ನೆಲದ ಮೇಲೆ, ಮಳೆ ಬಿದ್ದ ಮಣ್ಣಿನ ಮೇಲೆ ಹೀಗೆ ಮಲಗಿದರೆ ಮೇಲೆ ಎಷ್ಟು ಹೊದ್ದರೂ ಶಾಖ ಕೆಳಗಿನಿಂದ ಇಳಿದುಹೋಗುತ್ತಲೇ ಇರುತ್ತದೆ.

ಪರೀಕ್ಷೆ ಸುಲಭ. ಮಗ್ಗುಲು ಬದಲಿಸಿ ಹತ್ತು ನಿಮಿಷ ಸುಮ್ಮನೆ ಮಲಗಬೇಕು. ಎಡಮಗ್ಗುಲಿನಲ್ಲಿದ್ದ ಚಳಿ ಬಲಮಗ್ಗುಲಿಗೆ ಬಂದರೆ, ಅಂದರೆ ನೆಲಕ್ಕೆ ತಾಗಿದ ಕಡೆಗೇ ಚಳಿ ಹಿಂಬಾಲಿಸಿದರೆ, ದೋಷ ಹಾಸಿನದ್ದೇ. ಖಚಿತಪಡಿಸಿಕೊಳ್ಳಲು ಬೆನ್ನುಚೀಲ, ಹಗ್ಗದ ಸುರುಳಿ, ಉಳಿದ ಬಟ್ಟೆ, ಏನಿದೆಯೋ ಅದನ್ನು ಭುಜದ ಮತ್ತು ಸೊಂಟದ ಕೆಳಗೆ ಇಟ್ಟು ನೋಡಬೇಕು. ಮೈಭಾರ ಹೆಚ್ಚಾಗಿ ಬೀಳುವುದು ಆ ಎರಡು ಜಾಗಗಳ ಮೇಲೆ, ಶಾಖ ಹೆಚ್ಚಾಗಿ ಹೋಗುವುದೂ ಅಲ್ಲಿಂದಲೇ.

ಪರಿಹಾರವಾಗಿ ಹೊದಿಕೆಯನ್ನು ಪೂರ್ತಿಯಾಗಿ ಮೇಲಕ್ಕೆ ತಂದುಕೊಂಡು, ಕೆಳಗೆ ಮೈಭಾರಕ್ಕೆ ಹಿಂಡದ ಹಾಸನ್ನು ಹಾಕಬೇಕು. ಚಾರಣಿಗರು ಬಳಸುವ ಮುಚ್ಚಿದ ಕೋಶಗಳ ಫೋಮ್ ಮ್ಯಾಟ್ ಇದಕ್ಕೆ ಅತ್ಯುತ್ತಮ. ಗಾಳಿ ಅದರ ಕೋಶಗಳೊಳಗೆ ಬಂಧಿಯಾಗಿರುವುದರಿಂದ ಎಷ್ಟು ಒತ್ತಿದರೂ ಹೊರಗೆ ಹೋಗುವುದಿಲ್ಲ, ನೀರನ್ನೂ ಹೀರುವುದಿಲ್ಲ. ಒಳಗೆ ನಾರಿನ ಪದರವಿಲ್ಲದ, ಬರಿ ಗಾಳಿ ತುಂಬುವ ಹಾಸಿಗೆ ಮೆತ್ತಗಿರುತ್ತದೆ, ಬೆಚ್ಚಗಿರುವುದಿಲ್ಲ. ಅದರೊಳಗಿನ ದೊಡ್ಡ ಗಾಳಿಯ ಕೋಣೆಗಳಲ್ಲಿ ಗಾಳಿ ಸುತ್ತಾಡಿ ಶಾಖವನ್ನು ನೆಲಕ್ಕೆ ಮುಟ್ಟಿಸುತ್ತದೆ. ಮ್ಯಾಟ್ ಇಲ್ಲದಿದ್ದರೆ ಒಣಹುಲ್ಲು, ತರಗೆಲೆ, ಗೋಣಿಚೀಲಗಳ ದಪ್ಪ ಹಾಸು ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಒತ್ತಿದ ಮೇಲೆಯೂ ಒಂದು ಗೇಣಿನಷ್ಟು ದಪ್ಪ ಉಳಿಯುವಂತಿರಬೇಕು. ಹುಲ್ಲು ಎಲೆಗಳಲ್ಲಿ ಉಣ್ಣೆಹುಳ, ಚೇಳು ಇಲ್ಲವೆಂದು ಕೋಲಿನಿಂದ ಕೆದಕಿ ನೋಡುವುದನ್ನು ಮರೆಯಬಾರದು.

ನಮ್ಮ ಕಂಬಳಿಯನ್ನು ಇಲ್ಲಿ ನೆನೆಯಲೇಬೇಕು. ಚಳ್ಳಕೆರೆ, ಮೆಡ್ಲೇರಿಯ ಕಡೆ ಕುರುಬ ಸಮುದಾಯದವರು ದಖ್ಖನಿ ಕುರಿಯ ಉಣ್ಣೆಯಿಂದ ನೇಯುವ, ಹುಣಸೆಬೀಜದ ಗಂಜಿ ಬಳಿದು ಬಿಗಿಗೊಳಿಸುವ ಕರಿಯ ಕಂಬಳಿಯ ಒರಟು ನೂಲು ಮೈಭಾರಕ್ಕೆ ಪಾಲಿಯೆಸ್ಟರ್ ನಾರಿನಷ್ಟು ಹಿಂಡುವುದಿಲ್ಲ. ಉಣ್ಣೆ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಯೂ ಕೈಗೆ ಒದ್ದೆಯೆನಿಸುವುದಿಲ್ಲ. ಹೊತ್ತು ನಡೆಯಲು ಅದು ಭಾರ, ಒಪ್ಪುತ್ತೇನೆ. ಆದರೆ ಕಣ ಕಾಯುವವರು, ಹೊಲದ ಗುಡಿಸಲಿನಲ್ಲಿ ಮಲಗುವವರು, ವಾಹನದಲ್ಲಿ ಹೋಗಿ ಬಯಲಿನಲ್ಲಿ ತಂಗುವವರು ಭಾರದ ಚಿಂತೆ ಮಾಡಬೇಕಿಲ್ಲ. ಕೆಳಗೆ ಕಂಬಳಿ, ಮೇಲೆ ಹಗುರ ಹೊದಿಕೆ ಎಂಬ ಜೋಡಣೆ ನನ್ನ ದೃಷ್ಟಿಯಲ್ಲಿ ದುಬಾರಿ ಹಾಸಿಗೆಚೀಲಗಳೊಂದಿಗೆ ಹೋಲಿಸಬಹುದಾದಷ್ಟು ಒಳ್ಳೆಯದು.

ಮರಗಳ ನಡುವೆ ಕಟ್ಟಿದ ಜೋಲಿಯಲ್ಲಿ ಮಲಗುವವರಿಗೂ ಬೆನ್ನಿನ ಚಳಿಯೇ ಕಾಡುತ್ತದೆ, ಅಲ್ಲಿ ನೆಲದ ಬದಲು ಕೆಳಗೆ ಹಾದುಹೋಗುವ ಗಾಳಿ ಶಾಖವನ್ನು ಒಯ್ಯುತ್ತದೆ. ಆಗ ಲೈನರನ್ನು ಜೋಲಿಯೊಳಗೆ ಹಾಸದೆ, ಅದರ ಲಾಡಿಗಳನ್ನು ಬಳಸಿ ಜೋಲಿಯ ಹೊರಗೆ, ಕೆಳಭಾಗಕ್ಕೆ ಮೆಲ್ಲಗೆ ತಾಗುವಂತೆ ತೂಗುಕಟ್ಟಬೇಕು. ಮೈಭಾರ ಬೀಳದ ಕಾರಣ ನಾರು ಉಬ್ಬಿಯೇ ಇರುತ್ತದೆ.

ಗಾಳಿ ಬೀಸಿದಾಗಲೆಲ್ಲ ಚಳಿ

ಚಳಿ ಅಲೆಅಲೆಯಾಗಿ ಬಂದು ಹೋಗುತ್ತಿದ್ದರೆ, ಗಾಳಿ ನಿಂತ ಕ್ಷಣ ಹಿತವೆನಿಸಿ ಬೀಸಿದೊಡನೆ ಮೈ ನಡುಗಿದರೆ, ಬೇರೆ ಪರೀಕ್ಷೆ ಬೇಡ. ಈ ಹೊದಿಕೆಯ ನೈಲಾನ್ ತೆಳುವಾಗಿದ್ದು, ಉದ್ದಕ್ಕೂ ಇರುವ ಹೊಲಿಗೆಯ ತೂತುಗಳ ಮೂಲಕ ಗಾಳಿ ನುಗ್ಗುತ್ತದೆ. ಹೊಲಿಗೆಯ ಸಾಲಿನಲ್ಲಿ ನಾರಿನ ದಪ್ಪವೂ ಇಲ್ಲ. ಇದು ಹೊಲಿದವರ ತಪ್ಪಲ್ಲ. ಪೊಂಚೋದ ಒಳಪದರವಾಗಿ ಬಳಸಲೆಂದೇ ಇದನ್ನು ರೂಪಿಸಿದ್ದರಿಂದ ಗಾಳಿ ತಡೆಯುವ ಹೊಣೆಯನ್ನು ಪೊಂಚೋಗೆ ಬಿಟ್ಟಿದ್ದಾರೆ. ಲೈನರ್ ಒಂದನ್ನೇ ಕೊಂಡು, ಪೊಂಚೋ ಇಲ್ಲದೆ ಗುಡ್ಡದ ನೆತ್ತಿಯಲ್ಲಿ ಹೊದ್ದವರು ಅರ್ಧ ಸಾಧನವನ್ನಷ್ಟೇ ಬಳಸುತ್ತಿದ್ದಾರೆ.

ಪೊಂಚೋ ಇದ್ದರೆ ಲಾಡಿಗಳನ್ನು ಅದರ ತೂತುಗಳಿಗೆ ಕಟ್ಟಿ ಹೊದೆಯಬಹುದು. ಅದಕ್ಕಿಂತ ಉತ್ತಮವೆಂದರೆ ಪೊಂಚೋವನ್ನೋ ಟಾರ್ಪಾಲನ್ನೋ ಗಾಳಿಗೆ ಬೆನ್ನುಕೊಟ್ಟ ಇಳಿಜಾರು ಮಾಡಾಗಿ ಕಟ್ಟಿ, ಅದರ ಅಂಚನ್ನು ನೆಲಕ್ಕೆ ತಾಗಿಸಿ, ಒಳಗೆ ಲೈನರ್ ಮಾತ್ರ ಹೊದ್ದು ಮಲಗುವುದು. ಕಾರಣ ಮುಂದಿನ ಭಾಗದಲ್ಲಿದೆ. ಕಟ್ಟುವ ಮುಂಚೆ ಗಾಳಿಯ ದಿಕ್ಕನ್ನು ಒಂದು ದಾರ ಇಳಿಬಿಟ್ಟು ನೋಡಬೇಕು. ಬೆಟ್ಟದ ಇಳಿಜಾರಿನಲ್ಲಿ ಸಂಜೆ ಮೇಲಕ್ಕೆ ಬೀಸುತ್ತಿದ್ದ ಗಾಳಿ ರಾತ್ರಿ ಕೆಳಮುಖವಾಗುವುದು ಸಾಮಾನ್ಯವಾದ್ದರಿಂದ, ಸಂಜೆ ನೋಡಿದ ದಿಕ್ಕನ್ನೇ ನಂಬಿ ಕಟ್ಟಿದ ಮಾಡು ನಡುರಾತ್ರಿಗೆ ಗಾಳಿಗೆ ಬಾಯಿ ತೆರೆದು ನಿಂತಿರಬಹುದು.

ಹೊರಗಾಳಿ ಇಲ್ಲದಿದ್ದರೂ ಹೊರಳಿದಾಗಲೆಲ್ಲ ತಣ್ಣನೆಯ ಗಾಳಿ ಒಳನುಗ್ಗಿದರೆ ಅದು ಅಂಚುಗಳ ಸಮಸ್ಯೆ. ಬಿಡಿಹೊದಿಕೆಯನ್ನು ಎತ್ತಿಳಿಸಿದಾಗ ಅದು ತಿದಿಯ ಹಾಗೆ ಒಳಗಿನ ಬೆಚ್ಚನೆಯ ಗಾಳಿಯನ್ನು ಹೊರಗೆ ತಳ್ಳಿ ತಣ್ಣನೆಯದನ್ನು ಎಳೆದುಕೊಳ್ಳುತ್ತದೆ. ಕಾಲಿನ ಕಡೆಯ ಅಂಚನ್ನು ಪಾದಗಳ ಕೆಳಗೆ ಮಡಚಿ, ಎರಡೂ ಬದಿಯ ಕೆಳಲಾಡಿಗಳನ್ನು ಪರಸ್ಪರ ಗಂಟುಹಾಕಿದರೆ ಮೊಣಕಾಲಿನವರೆಗೆ ಒಂದು ಚೀಲವಾಗುತ್ತದೆ. ಇತ್ತೀಚಿನ ಕೆಲವು ಮಾದರಿಗಳಲ್ಲಿ ಇದಕ್ಕಾಗಿ ಝಿಪ್ ಇರುತ್ತದೆ. ಮೇಲ್ಭಾಗದಲ್ಲಿ ಕುತ್ತಿಗೆಯ ಸುತ್ತ ಮಫ್ಲರಿನಿಂದ ಸಂದು ಮುಚ್ಚಬೇಕು. ಕುಳಿತು ಕಾಯುವ ಕೆಲಸವಾದರೆ ಮಲೆನಾಡಿನವರು ಕಂಬಳಿಯನ್ನು ಕೊಪ್ಪೆ ಹಾಕಿಕೊಳ್ಳುವಂತೆಯೇ ಇದನ್ನೂ ತಲೆಯ ಮೇಲಿಂದ ಇಳಿಬಿಟ್ಟು ಮುಂದೆ ಲಾಡಿ ಕಟ್ಟಿಕೊಳ್ಳುವುದು ಹೆಗಲ ಮೇಲೆ ಹೊದ್ದುಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಮೈಯೆಲ್ಲ ಅಂಟಂಟಾಗಿ ತಣ್ಣಗೆ: ತೇವ

ಎಲ್ಲ ದೋಷಗಳಲ್ಲಿ ಪತ್ತೆಗೆ ಕಷ್ಟವಾದದ್ದು ಇದು, ಏಕೆಂದರೆ ತೇವ ಬರುವ ದಾರಿಗಳು ಮೂರು, ಮೂರಕ್ಕೂ ಪರಿಹಾರ ಬೇರೆಬೇರೆ, ಒಂದಕ್ಕೆ ಮಾಡಿದ ಪರಿಹಾರ ಇನ್ನೊಂದನ್ನು ಹೆಚ್ಚಿಸಲೂಬಹುದು. ತೇವದ ಹಾನಿ ಎಷ್ಟೆಂಬುದನ್ನು ಎರಡು ಅಂಕಿಗಳಿಂದ ತಿಳಿಯಬಹುದು. ನಿಂತ ಗಾಳಿಗಿಂತ ನೀರು ಸುಮಾರು 24 ಪಟ್ಟು ಸುಲಭವಾಗಿ ಶಾಖವನ್ನು ದಾಟಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು ಆವಿಯಾಗುವಾಗ ನೀರು ಹೀರುವ ಶಾಖ: ಅಂಗಿಯಲ್ಲಿರುವ 100 ಮಿಲಿಲೀಟರ್ ಬೆವರು ಆರಲು ಸುಮಾರು 240 ಕಿಲೋಜೂಲ್ ಶಾಖ ಬೇಕು, ಅಂದರೆ ಮಲಗಿದ ದೇಹ ಐವತ್ತಕ್ಕೂ ಹೆಚ್ಚು ನಿಮಿಷಗಳಲ್ಲಿ ಉತ್ಪಾದಿಸುವಷ್ಟು. ಇದರ ಎದುರಿಗೆ 60 ಡಿಗ್ರಿಯ ಒಂದು ಲೀಟರ್ ಬಿಸಿನೀರಿನ ಬಾಟಲಿ 30 ಡಿಗ್ರಿಗೆ ಇಳಿಯುವವರೆಗೆ ಕೊಡುವ ಶಾಖ ಸುಮಾರು 125 ಕಿಲೋಜೂಲ್. ಬೆವರಿದ ಅಂಗಿಯನ್ನು ಬಿಚ್ಚದೆ ಬಿಸಿನೀರಿನ ಬಾಟಲಿಯನ್ನು ಅಪ್ಪಿಕೊಂಡು ಮಲಗುವವರು ಎರಡು ಬಾಟಲಿಗಳ ಶಾಖವನ್ನು ಅಂಗಿಗೆ ಒಪ್ಪಿಸಿ ಒಂದನ್ನಷ್ಟೇ ಪಡೆಯುತ್ತಿದ್ದಾರೆ.

ಪತ್ತೆಗೆ ಒಣ ಕರವಸ್ತ್ರ ಅಥವಾ ಹಳೆಯ ಪತ್ರಿಕೆಯ ತುಂಡು ಸಾಕು. ಮೊದಲು ಅದನ್ನು ಬೆನ್ನಿನ ಮೇಲಿನ ಅಂಗಿಗೆ ಒತ್ತಬೇಕು, ಆಮೇಲೆ ಹೊದಿಕೆಯ ಒಳಮೈಗೆ, ಕೊನೆಗೆ ಹೊರಮೈಗೆ. ಅಂಗಿಯೇ ಒದ್ದೆಯಿದ್ದರೆ ಹಗಲು ನಡೆದ ಬೆವರು ಕಾರಣ. ಮಲಗುವ ಮುನ್ನ ಬನಿಯನ್ ಮತ್ತು ಕಾಲುಚೀಲ ಸಹಿತ ಎಲ್ಲವನ್ನೂ ಬದಲಿಸುವುದೇ ಪರಿಹಾರ, ಅದಕ್ಕೆಂದು ಒಂದು ಜೊತೆ ಒಣಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬೇರೆಯಾಗಿ ಇಟ್ಟುಕೊಳ್ಳಬೇಕು. ಹತ್ತಿಬಟ್ಟೆ ನೀರನ್ನು ಬಿಡದೆ ಹಿಡಿದುಕೊಳ್ಳುವುದರಿಂದ ನಡೆಯುವಾಗ ಪಾಲಿಯೆಸ್ಟರ್ ಅಂಗಿ ಮೇಲು. ಮಲಗುವಾಗ ಅದು ಯಾವುದೇ ಆಗಲಿ, ಒಣಗಿರಬೇಕು.

ಅಂಗಿ ಒಣಗಿದ್ದು ಹೊದಿಕೆಗೆ ಪೊಂಚೋ ತಾಗಿದ ಕಡೆ ಒದ್ದೆಯಿದ್ದರೆ, ಹಾಗೂ ಪೊಂಚೋದ ಒಳಗೆ ಹನಿಗಳು ಕಂಡರೆ, ಅದು ನಿಮ್ಮದೇ ಮೈಯ ಆವಿ. ಚರ್ಮದಿಂದಲೂ ಉಸಿರಿನಿಂದಲೂ ರಾತ್ರಿಯಿಡೀ ಹೊರಡುವ ಆವಿಗೆ ನೀರು ಸೋರದ ಪೊಂಚೋದಲ್ಲಿ ದಾರಿಯಿಲ್ಲ. ತಣ್ಣನೆಯ ಪದರಕ್ಕೆ ತಾಗಿ ನೀರಾಗಿ, ಅದು ಹೊದಿಕೆಗೇ ಹಿಂತಿರುಗುತ್ತದೆ. ಮಳೆ ಬಾರದಿದ್ದರೂ ಹೊದಿಕೆ ನೆನೆದದ್ದನ್ನು ಕಂಡು ಪೊಂಚೋ ಸೋರುತ್ತಿದೆ ಎಂದು ಎಸೆದವರಿದ್ದಾರೆ. ಪೊಂಚೋವನ್ನು ಮೈಗೆ ಸುತ್ತದೆ ಮಾಡಾಗಿ ಕಟ್ಟಿ, ಕನಿಷ್ಠ ಒಂದು ಕಡೆ ಗಾಳಿಯಾಡಲು ಬಿಟ್ಟರೆ ಈ ದೋಷ ಬಹುಮಟ್ಟಿಗೆ ನಿಲ್ಲುತ್ತದೆ. ತಲೆಯನ್ನು ಹೊದಿಕೆಯೊಳಗೆ ಎಳೆದುಕೊಂಡು ಉಸಿರಾಡುವ ಅಭ್ಯಾಸವೂ ಇದನ್ನೇ ಉಂಟುಮಾಡುತ್ತದೆ. ಮೊದಲ ಐದು ನಿಮಿಷದ ಹಿತಕ್ಕೆ ಬೆಳಗಿನ ಜಾವ ಬೆಲೆ ತೆರಬೇಕಾಗುತ್ತದೆ. ಮೂಗುಬಾಯಿಗಳನ್ನು ಹೊರಗಿಟ್ಟು ತಲೆಗೆ ಮಂಕಿ ಕ್ಯಾಪ್ ಹಾಕುವುದು ಸರಿಯಾದ ಕ್ರಮ. ಬೆಳ್ಳಿಬಣ್ಣದ ತೆಳು ತುರ್ತು ಹಾಳೆಯನ್ನು ಲೈನರಿನ ಮೇಲೆ ಸುತ್ತಿದರೂ ಹೀಗೆಯೇ ಆಗುತ್ತದೆ, ಏಕೆಂದರೆ ಅದು ವಿಕಿರಣದ ಶಾಖವನ್ನು ಹಿಂದಿರುಗಿಸುತ್ತದೆ, ಜೊತೆಗೆ ಆವಿಯನ್ನೂ ಹೊರಗೆ ಬಿಡುವುದಿಲ್ಲ.

ಮೇಲೆ ಯಾವ ಮರೆಯೂ ಇಲ್ಲದೆ ಹೊರಮೈ ಮಾತ್ರ ಒದ್ದೆಯಾಗಿದ್ದರೆ ಅದು ಇಬ್ಬನಿ. ಮೋಡವಿಲ್ಲದ ರಾತ್ರಿಯಲ್ಲಿ ಆಕಾಶಕ್ಕೆ ತೆರೆದ ಬಟ್ಟೆ ತನ್ನ ಶಾಖವನ್ನು ಹೊರಸೂಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಇಳಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ವಿಜಯಪುರ, ಬೀದರಿನ ಬಯಲುಗಳಲ್ಲಿ ಜೋಳದ ಹೊಲ ಕಾಯುವವರಿಗೆ ಇದು ಹೊಸ ವಿಷಯವಲ್ಲ; ಅವರು ಅಟ್ಟಣಿಗೆಗೆ ಒಂದು ಚಪ್ಪರ ಹಾಕಿಯೇ ಮಲಗುತ್ತಾರೆ. ಟಾರ್ಪಾಲು ಬೇಕೆಂದಿಲ್ಲ, ಆಕಾಶವನ್ನು ಮರೆಮಾಡುವ ಸೊಪ್ಪಿನ ಹೊದಿಕೆ ಅಥವಾ ಒಣಕೊಂಬೆಗಳಿಲ್ಲದ ಮರದ ನೆರಳಾದರೂ ಸಾಕು.

ಈ ಹೊದಿಕೆಯ ದೊಡ್ಡ ಗುಣ ಪ್ರಕಟವಾಗುವುದು ಇಲ್ಲಿಯೇ. ಪಾಲಿಯೆಸ್ಟರ್ ಎಳೆ ನೀರನ್ನು ತನ್ನೊಳಗೆ ಬಹುತೇಕ ಹೀರುವುದಿಲ್ಲ, ನೀರು ಎಳೆಗಳ ನಡುವೆ ಮಾತ್ರ ನಿಲ್ಲುತ್ತದೆ. ಆದ್ದರಿಂದ ನೆನೆದ ಹೊದಿಕೆಯನ್ನು ಹಿಂಡಿ, ಬಲವಾಗಿ ಕೊಡವಿ, ನಾರನ್ನು ಮತ್ತೆ ಉಬ್ಬಿಸಿದರೆ ಅದು ಕೂಡಲೇ ಸ್ವಲ್ಪ ಮಟ್ಟಿಗೆ ಬಳಕೆಗೆ ಬರುತ್ತದೆ. ತಿರುಚಿ ಹಿಂಡಿದರೆ ಹೊಲಿಗೆ ಕಿತ್ತು ನಾರು ಹರಿಯುವುದರಿಂದ ಸುರುಳಿ ಸುತ್ತಿ ಒತ್ತಿ ಹಿಂಡುವುದು ಒಳ್ಳೆಯದು.

ಬೆಳಗಿನ ಜಾವಕ್ಕೆ ಮಾತ್ರ ಚಳಿ

ನಡುರಾತ್ರಿಯವರೆಗೆ ಸುಖವಾಗಿ ಮಲಗಿ, ನಾಲ್ಕು ಗಂಟೆಯ ಮೇಲೆ ಎಚ್ಚರವಾಗುವವರು ಮೊದಲು ಥರ್ಮಾಮೀಟರ್ ನೋಡಬೇಕು. ದಿನದ ಅತಿ ಕಡಿಮೆ ಉಷ್ಣತೆ ಇರುವುದು ಸೂರ್ಯೋದಯದ ಹೊತ್ತಿನಲ್ಲಿ. ಅಂಕಿ 10ಕ್ಕಿಂತ ಬಹಳ ಕೆಳಗಿದ್ದರೆ ಹೊದಿಕೆಯಲ್ಲಿ ದೋಷವಿಲ್ಲ, ಆ ಜಾಗಕ್ಕೆ ಅದರ ಆಯ್ಕೆಯೇ ಸರಿಯಾಗಿರಲಿಲ್ಲ. ದಕ್ಷಿಣದಲ್ಲಿ ಅಷ್ಟು ಚಳಿಯೆಲ್ಲಿ ಎಂದುಕೊಳ್ಳಬಾರದು: ಬೆಂಗಳೂರಿನಲ್ಲಿಯೇ 1884ರ ಜನವರಿಯಲ್ಲಿ 7.8 ಡಿಗ್ರಿ ದಾಖಲಾಗಿದೆ. ಎತ್ತರ ಹೆಚ್ಚಿದಂತೆ ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿ ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕಿದರೆ, ಚಿಕ್ಕಮಗಳೂರು ಪಟ್ಟಣಕ್ಕಿಂತ 800 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 5 ಡಿಗ್ರಿಗೂ ಹೆಚ್ಚಿನ ವ್ಯತ್ಯಾಸವನ್ನು ನಿರೀಕ್ಷಿಸಬೇಕು. ಗಾಳಿಯಿಲ್ಲದ ತಿಳಿರಾತ್ರಿಯಲ್ಲಿ ಇದು ತಿರುಗುಮುರುಗಾಗುವುದೂ ಉಂಟು. ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಗುಂಟ ಹರಿದು ಕಣಿವೆಯ ತಳದಲ್ಲಿ, ಹೊಳೆಯ ದಂಡೆಯಲ್ಲಿ ನಿಲ್ಲುತ್ತದೆ. ಅಂಥ ರಾತ್ರಿ ತಗ್ಗಿನಿಂದ ಸ್ವಲ್ಪ ಮೇಲೆ, ಇಳಿಜಾರಿನ ನಡುಭಾಗದ ಸಮತಟ್ಟಿಗೆ ಹಾಸಿಗೆಯನ್ನು ಬದಲಿಸಿದರೆ ಯಾವ ಹೊಸ ಸಾಮಾನೂ ಇಲ್ಲದೆ ಚಳಿ ಕಡಿಮೆಯಾಗುತ್ತದೆ.

ಥರ್ಮಾಮೀಟರ್ 12 ಅಥವಾ 14 ತೋರಿಸುತ್ತಿದ್ದು, ಹೊದಿಕೆ ಒಣಗಿದ್ದು, ಹಾಸು ಚೆನ್ನಾಗಿದ್ದು, ಆದರೂ ಚಳಿಯಾದರೆ ಶಾಖದ ಮೂಲವಾದ ದೇಹದ ಕಡೆ ತಿರುಗಬೇಕು. ರಾತ್ರಿ ಏನು ತಿಂದಿರಿ? ಸಂಜೆ ಬೇಗ ಒಂದಿಷ್ಟು ಬಿಸ್ಕತ್ತು ತಿಂದು ಮಲಗಿದ ದೇಹಕ್ಕೂ, ಮಲಗುವ ಮುನ್ನ ತುಪ್ಪ ಹಾಕಿದ ಬಿಸಿ ಅನ್ನವನ್ನೋ ಮುದ್ದೆಯನ್ನೋ ಉಂಡ ದೇಹಕ್ಕೂ ವ್ಯತ್ಯಾಸವಿದೆ. ಕಡಲೆಬೀಜ, ಬೆಲ್ಲ, ಕೊಬ್ಬರಿಯನ್ನು ತಲೆಯ ಬಳಿ ಇಟ್ಟುಕೊಂಡು ಎಚ್ಚರವಾದಾಗ ತಿನ್ನುವುದು ಸರಳವಾದ, ಆದರೆ ಬಹಳ ಮಂದಿ ಮಾಡದ ಕೆಲಸ. ಮೂತ್ರಕ್ಕೆ ಹೋಗಬೇಕೆನಿಸಿದರೆ ಚಳಿಗೆ ಹೆದರಿ ತಡೆಹಿಡಿಯದೆ ಕೂಡಲೇ ಹೋಗಿಬಂದರೆ ಮತ್ತೆ ನಿದ್ರೆ ಹತ್ತುತ್ತದೆ. ಪಾದಗಳಷ್ಟೇ ತಣ್ಣಗಿದ್ದರೆ ಬಿಗಿಯಾದ ಕಾಲುಚೀಲ ರಕ್ತಸಂಚಾರಕ್ಕೆ ಅಡ್ಡಿಯಾಗಿದೆಯೇ ನೋಡಬೇಕು. ಸಡಿಲವಾದ ಒಣ ಉಣ್ಣೆಯ ಕಾಲುಚೀಲ ಒಂದು ಜೊತೆ ಸಾಕು.

ಹಿಮಾಲಯದ ಚಾರಣಕ್ಕೆ ಹೋಗುವವರು ಸೊನ್ನೆ ಡಿಗ್ರಿಯ ಆಚೀಚಿನ ಶಿಬಿರಗಳಲ್ಲಿ ಇದೊಂದನ್ನೇ ನಂಬಬಾರದು. ಅಲ್ಲಿ ಇದು ಹಾಸಿಗೆಚೀಲದೊಳಗಿನ ಹೆಚ್ಚುವರಿ ಪದರವಾಗಿ ಮಾತ್ರ ಉಪಯುಕ್ತ. ಚೀಲದೊಳಗೆ ಬಿಗಿಯಾಗಿ ತುರುಕದೆ, ಎರಡೂ ಉಬ್ಬಲು ಜಾಗವಿರುವಂತೆ ಹಾಕಿಕೊಳ್ಳಬೇಕು.

ಮಾಡಬಾರದ ಪರಿಹಾರಗಳು

ಮುಚ್ಚಿದ ಟೆಂಟಿನಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನಾಗಲಿ ಗ್ಯಾಸ್ ಒಲೆಯನ್ನಾಗಲಿ ಉರಿಸಿ ಮಲಗಲೇಬಾರದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ರೆಯಲ್ಲಿರುವವರು ಎಚ್ಚರಗೊಳ್ಳದೆಯೇ ಸಾಯುತ್ತಾರೆ. ಹೊರಗೆ ಉರಿಸಿದ ಬೆಂಕಿಯ ಹತ್ತಿರವೂ ಈ ಹೊದಿಕೆ ಸುರಕ್ಷಿತವಲ್ಲ. ಒಂದು ಕಿಡಿ ಬಿದ್ದರೂ ನೈಲಾನ್ ಕರಗಿ ತೂತಾಗುತ್ತದೆ, ಕರಗಿದ ನೈಲಾನ್ ಚರ್ಮಕ್ಕೆ ಅಂಟಿ ಆಳವಾಗಿ ಸುಡುತ್ತದೆ. ಬೆಂಕಿಯ ಬಳಿ ಕೂರುವಾಗ ಇದನ್ನು ಮಡಚಿಟ್ಟು ಉಣ್ಣೆಯನ್ನು ಹೊದೆಯುವುದು ಜಾಣತನ. ಅಭಯಾರಣ್ಯಗಳಲ್ಲಿ ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಇನ್ನು ಮದ್ಯ: ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದ ಭ್ರಮೆ ಹುಟ್ಟಿಸುತ್ತದೆ, ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ, ಅಪಾಯ ಗುರುತಿಸುವ ವಿವೇಕವನ್ನೂ ಕಸಿಯುತ್ತದೆ.

ಕೊನೆಗೆ ಹೊದಿಕೆಯ ಪರೀಕ್ಷೆ

ಮೇಲಿನದೆಲ್ಲ ಸರಿಯಿದ್ದರೆ ಮಾತ್ರ ಹೊದಿಕೆಯನ್ನು ಅನುಮಾನಿಸಬೇಕು. ಹಗಲಿನಲ್ಲಿ ಅದನ್ನು ಸೂರ್ಯನ ಬೆಳಕಿಗೆ ಎದುರಾಗಿ ಹಿಡಿದರೆ ನಾರು ಸರಿದು ಖಾಲಿಯಾದ ಜಾಗಗಳು ತಿಳಿಯಾಗಿ, ಗಂಟುಕಟ್ಟಿದ ಜಾಗಗಳು ಕಪ್ಪಾಗಿ ಕಾಣುತ್ತವೆ. ಹೊಲಿಗೆ ಬಿಟ್ಟ ಕಡೆ ನಾರನ್ನು ಬೆರಳಿನಿಂದ ಹರಡಿ, ತೆಳು ಸೂಜಿಯಿಂದ ಮತ್ತೆ ಹೊಲಿಯಬಹುದು. ಎಲ್ಲೆಡೆ ಒಂದೇ ಸಮನೆ ತೆಳುವಾಗಿದ್ದರೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಕು. ಪೂರ್ಣ ಅಳತೆಯ ಹೊದಿಕೆ ಅರ್ಧ ಕಿಲೋಗಿಂತ ತೀರ ಕಡಿಮೆ ತೂಗಿದರೆ ಅದು ಹೊರನೋಟಕ್ಕೆ ಮಾತ್ರ ಮಿಲಿಟರಿ ಮಾದರಿಯದು, ಒಳಗೆ ನಾರೇ ಸಾಲದು. ಚುಕ್ಕೆಬಣ್ಣದ ಬಟ್ಟೆಯೊಂದರಿಂದ ಬೆಚ್ಚನೆ ಬರುವುದಿಲ್ಲ. ತೂಕ ಸರಿಯಿದ್ದೂ ತೆಳುವಾಗಿದ್ದರೆ ನಾರು ಸೋತಿದೆ. ತಿಂಗಳುಗಟ್ಟಲೆ ಸಣ್ಣ ಚೀಲದಲ್ಲಿ ತುರುಕಿಟ್ಟಿರುವುದು, ಬಿಸಿನೀರಿನಲ್ಲಿ ಒಗೆದಿರುವುದು, ಇಸ್ತ್ರಿ ಮಾಡಿರುವುದು ಇದರ ಸಾಮಾನ್ಯ ಕಾರಣಗಳು.

ಸೋತ ನಾರು ಭಾಗಶಃ ಚೇತರಿಸಿಕೊಳ್ಳುವುದುಂಟು. ತಣ್ಣೀರಿನಲ್ಲಿ ಸೌಮ್ಯ ಸಾಬೂನಿನಿಂದ ಒಗೆದು, ಸಾಬೂನು ಪೂರ್ತಿ ಹೋಗುವಂತೆ ಜಾಲಿಸಿ, ನೆರಳಿನಲ್ಲಿ ಆಗಾಗ ಕೊಡವುತ್ತ ಒಣಗಿಸಬೇಕು. ದೀರ್ಘಕಾಲದ ಬಿಸಿಲು ನೈಲಾನನ್ನು ದುರ್ಬಲಗೊಳಿಸುತ್ತದೆ. ಬ್ಲೀಚನ್ನೂ ಬಟ್ಟೆ ಮೆದುಗೊಳಿಸುವ ದ್ರವವನ್ನೂ ಹಾಕಬಾರದು. ಒಣಗಿದ ಮೇಲೆ ನಾಲ್ಕು ಮಡಿಕೆ ಮಾಡಿ, ಒತ್ತದೆ, ಅದರ ಎತ್ತರವನ್ನು ಸ್ಕೇಲಿನಿಂದ ಅಳೆದು ಬರೆದಿಟ್ಟುಕೊಂಡರೆ ಪ್ರತಿ ಚಳಿಗಾಲದ ಆರಂಭದಲ್ಲಿ ಹೋಲಿಸಿ ನೋಡಬಹುದು. ಎತ್ತರ ಮೊದಲಿನ ಅರ್ಧಕ್ಕೆ ಇಳಿದ ಹೊದಿಕೆಯನ್ನು ಬೆಟ್ಟಕ್ಕೆ ಒಯ್ಯಬಾರದು. ಬೇಸಿಗೆಯ ಪ್ರಯಾಣಕ್ಕೆ, ಬಸ್ಸಿನ ಏಸಿಗೆ, ಇಲ್ಲವೇ ಇನ್ನೊಂದು ಹೊಸ ಹೊದಿಕೆಯ ಒಳಪದರಕ್ಕೆ ಅದು ಇನ್ನೂ ಅನೇಕ ವರ್ಷ ಬಾಳುತ್ತದೆ.